ಖಾಲಿ ಹುದ್ದೆ ಸಾಗುವ ದಾರಿ: ಹೊಸ ಕೆಲಸ ಹುಡುಕುವವರಿಗೆ ಗೊತ್ತಿರಬೇಕಾದ ಸಂಗತಿಗಳು

2025ರ ಜುಲೈ ತಿಂಗಳಲ್ಲಿ ಟಿಸಿಎಸ್ ಕಂಪನಿಯು ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ 12,000ಕ್ಕೂ ಹೆಚ್ಚು ಜನರನ್ನು ಕೈಬಿಡುವುದಾಗಿ ಪ್ರಕಟಿಸಿತು. ಕಾಯಂ ಎಂದು ನಂಬಿದ್ದ ಕೆಲಸವೂ ಕೈತಪ್ಪಬಹುದೆಂಬ ಮಾತು ಅಲ್ಲಿಂದೀಚೆಗೆ ಐಟಿ ಕ್ಷೇತ್ರದ ಹೊರಗೂ ಕೇಳಿಬರುತ್ತಿದೆ. ಕ್ಯಾಂಪಸ್ ಸಂದರ್ಶನದಲ್ಲಿ ಆಯ್ಕೆಯಾಗಿ ಹತ್ತು ಹನ್ನೆರಡು ವರ್ಷ ಒಂದೇ ಕಡೆ ದುಡಿದವರಿಗೆ ಕೆಲಸ ಮಾಡುವುದು ಚೆನ್ನಾಗಿ ಗೊತ್ತಿರುತ್ತದೆ. ಆದರೆ ಕೆಲಸ ಹುಡುಕುವುದನ್ನು ಅವರಿಗೆ ಯಾರೂ ಕಲಿಸಿರುವುದಿಲ್ಲ. ಹೀಗಾಗಿ ದಿನಕ್ಕೆ ಐವತ್ತು ಅರ್ಜಿ ಹಾಕಿ, ಒಂದಕ್ಕೂ ಉತ್ತರ ಬಾರದೆ, ತಮ್ಮ ಅರ್ಹತೆಯ ಮೇಲೆಯೇ ಅನುಮಾನ ಪಡುವವರು ಬಹಳ. ಕಂಪನಿಯೊಳಗೆ ಒಂದು ಹುದ್ದೆ ಖಾಲಿಯಾದಂದಿನಿಂದ ಭರ್ತಿಯಾಗುವವರೆಗೆ ಅದು ಯಾರ ಯಾರ ಕೈ ದಾಟುತ್ತದೆ ಎಂಬುದನ್ನು ಅರಿತುಕೊಂಡರೆ, ನಮ್ಮ ಶ್ರಮವನ್ನು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು ಎಂಬುದು ಸ್ಪಷ್ಟವಾಗುತ್ತದೆ.

ಜಾಹೀರಾತಿಗೆ ಮೊದಲು ನಡೆಯುವುದೇನು

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮನೆ ಖಾಲಿಯಾಗುವ ಸುಳಿವು ಸಿಕ್ಕ ಕೂಡಲೇ ಮಾಲೀಕರು ಗೇಟಿಗೆ ಟು-ಲೆಟ್ ಬೋರ್ಡ್ ತೂಗುಹಾಕುವುದಿಲ್ಲ. ಮೊದಲು ಈಗಿರುವ ಬಾಡಿಗೆದಾರರನ್ನು, ಪಕ್ಕದ ಮನೆಯವರನ್ನು, ನೆಂಟರನ್ನು "ಯಾರಾದರೂ ಒಳ್ಳೆಯವರಿದ್ದರೆ ಹೇಳಿ" ಎಂದು ಕೇಳುತ್ತಾರೆ. ಅಲ್ಲಿ ಆಗದಿದ್ದರೆ ಬೋರ್ಡ್ ಹಾಕುತ್ತಾರೆ, ಅದೂ ಆಗದಿದ್ದರೆ ಬ್ರೋಕರ್‌ಗೆ ತಿಳಿಸುತ್ತಾರೆ. ಖಾಲಿ ಹುದ್ದೆ ಸಾಗುವ ದಾರಿಯೂ ಹೆಚ್ಚುಕಡಿಮೆ ಇದೇ. ತಂಡದ ಮ್ಯಾನೇಜರ್ ತನಗೆ ಒಬ್ಬರು ಬೇಕೆಂದು ಕೇಳುತ್ತಾರೆ, ಹಣಕಾಸು ವಿಭಾಗ ಒಪ್ಪಿಗೆ ಕೊಡುತ್ತದೆ, ಕಂಪನಿಯೊಳಗೆ ಬೇರೆ ತಂಡದಿಂದ ಬರಲು ಯಾರಾದರೂ ಸಿದ್ಧರಿದ್ದಾರೆಯೇ ಎಂದು ವಿಚಾರಿಸಲಾಗುತ್ತದೆ, ಆಮೇಲೆ ನೌಕರರ ಶಿಫಾರಸು ಕೇಳಲಾಗುತ್ತದೆ. ಕಂಪನಿಯ ವೆಬ್‌ಸೈಟ್, ಉದ್ಯೋಗ ಪೋರ್ಟಲ್, ನೇಮಕಾತಿ ಕನ್ಸಲ್ಟೆನ್ಸಿ ಇವೆಲ್ಲ ಸಾಮಾನ್ಯವಾಗಿ ಅದರ ನಂತರದ ಮೆಟ್ಟಿಲುಗಳು.

ಪೋರ್ಟಲ್‌ನಲ್ಲಿ ನಾವು ಜಾಹೀರಾತು ನೋಡುವ ವೇಳೆಗೆ ಆ ಹುದ್ದೆಗೆ ಕೆಲವರ ಹೆಸರು ಆಗಲೇ ಮ್ಯಾನೇಜರ್ ಮೇಜಿನ ಮೇಲೆ ಇರಬಹುದು. ಜಾಹೀರಾತು ಸುಳ್ಳೆಂದು ಇದರ ಅರ್ಥವಲ್ಲ. ನಾವು ಸರದಿಯಲ್ಲಿ ಎಲ್ಲಿ ನಿಂತಿದ್ದೇವೆ ಎಂಬುದನ್ನು ಮಾತ್ರ ಇದು ತೋರಿಸುತ್ತದೆ. ಮೊದಲ ಮೆಟ್ಟಿಲಿಗೆ ಹತ್ತಿರವಾದಷ್ಟೂ ಸ್ಪರ್ಧೆ ಕಡಿಮೆ.

ಕಂಪನಿಯಲ್ಲಿರುವ ನೌಕರರು ತಮಗೆ ಗೊತ್ತಿರುವವರ ಹೆಸರನ್ನು ಸೂಚಿಸುವುದಕ್ಕೆ ರೆಫರಲ್ ಎನ್ನುತ್ತಾರೆ. ಹಾಗೆ ಹೆಸರು ಸೂಚಿಸಲ್ಪಟ್ಟವರು ಆಯ್ಕೆಯಾಗಿ ಕೆಲವು ತಿಂಗಳು ಉಳಿದರೆ, ಸೂಚಿಸಿದ ನೌಕರರಿಗೆ ಹಲವು ಕಂಪನಿಗಳು ಬೋನಸ್ ಕೊಡುತ್ತವೆ. ಕನ್ಸಲ್ಟೆನ್ಸಿಗೆ ಕೊಡಬೇಕಾದ ಶುಲ್ಕಕ್ಕಿಂತ ಆ ಬೋನಸ್ ಕಡಿಮೆ, ಬರುವವರ ಬಗ್ಗೆ ಒಳಗಿನವರೊಬ್ಬರ ಮಾತೂ ಸಿಗುತ್ತದೆ. ಆದ್ದರಿಂದ ರೆಫರಲ್ ಕೇಳುವುದನ್ನು ಕೈಚಾಚಿದಂತೆ ಎಂದು ಭಾವಿಸಿ ಸಂಕೋಚಪಡುವ ಅಗತ್ಯವಿಲ್ಲ. ನಮ್ಮಲ್ಲಿ ಈ ಸಂಕೋಚ ತುಸು ಹೆಚ್ಚೇ ಇದೆ, ಅದರಿಂದ ಆಗುವ ನಷ್ಟವೂ ದೊಡ್ಡದು. ರೆಫರಲ್ ಎಂದರೆ ಕೆಲಸ ಖಚಿತವೆಂದೂ ಅಲ್ಲ. ಅರ್ಜಿಯನ್ನು ಒಬ್ಬ ಮನುಷ್ಯ ತೆರೆದು ಓದುವ ಸಾಧ್ಯತೆ ಹೆಚ್ಚುತ್ತದೆ, ಅಷ್ಟೇ. ಸಂದರ್ಶನವನ್ನು ಎಲ್ಲರಂತೆ ಎದುರಿಸಲೇಬೇಕು.

ಆಪ್ತರಿಗಿಂತ ದೂರದ ಪರಿಚಯ ಹೆಚ್ಚು ನೆರವಾಗುವುದು ಏಕೆ

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅವರು ಬಾಸ್ಟನ್ ಬಳಿಯ ಒಂದು ಪಟ್ಟಣದಲ್ಲಿ, ಇತ್ತೀಚೆಗೆ ಕೆಲಸ ಬದಲಿಸಿದವರನ್ನು ಮಾತನಾಡಿಸಿ 1973ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪರಿಚಿತರ ಮೂಲಕ ಕೆಲಸ ಪಡೆದವರಿಗೆ "ಆ ಪರಿಚಿತರನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ" ಎಂದು ಕೇಳಿದಾಗ, ಪದೇ ಪದೇ ಎಂದವರು ಸುಮಾರು ಶೇ 17ರಷ್ಟು ಮಾತ್ರ. ಅರ್ಧಕ್ಕಿಂತ ಹೆಚ್ಚು ಜನ ಆಗೊಮ್ಮೆ ಈಗೊಮ್ಮೆ ಎಂದರೆ, ಉಳಿದವರು ಅಪರೂಪಕ್ಕೆ ಎಂದರು. ಇದರ ಕಾರಣ ಸರಳವಾಗಿದೆ. ನಮ್ಮ ಆಪ್ತ ಗೆಳೆಯರಿಗೆ ಗೊತ್ತಿರುವ ಸುದ್ದಿ ಬಹುಮಟ್ಟಿಗೆ ನಮಗೂ ಗೊತ್ತಿರುತ್ತದೆ, ಏಕೆಂದರೆ ಇಬ್ಬರೂ ಒಂದೇ ಬಳಗದವರು. ಐದು ವರ್ಷದ ಹಿಂದೆ ಜೊತೆಯಲ್ಲಿ ಕೆಲಸ ಮಾಡಿ ಈಗ ಬೇರೆ ಕಂಪನಿಯಲ್ಲಿರುವವರು, ಕಾಲೇಜಿನ ಸೀನಿಯರ್, ಹಿಂದಿನ ಗ್ರಾಹಕ ಕಂಪನಿಯವರು, ಮಾಲು ಪೂರೈಸುತ್ತಿದ್ದವರು ಓಡಾಡುವ ವಲಯ ಬೇರೆ. ಹಾಗಾಗಿ ಅವರಿಂದ ಬರುವ ಸುದ್ದಿಯೂ ಬೇರೆಯಾಗಿರುತ್ತದೆ.

ಹುಡುಕಾಟದ ಮೊದಲ ವಾರವನ್ನು ಇಂಥವರ ಪಟ್ಟಿ ಮಾಡಲು ಮೀಸಲಿಡುವುದು ಒಳ್ಳೆಯದು. ಅವರಿಗೆ ಕಳುಹಿಸುವ ಸಂದೇಶ ಹೇಗಿರಬೇಕೆಂಬುದೂ ಮುಖ್ಯ. "ಸರ್, ಕೆಲಸ ಇದ್ದರೆ ಹೇಳಿ" ಎಂಬ ಸಾಲನ್ನು ಓದಿದವರಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ಅದರ ಬದಲು ಹೀಗೆ ಬರೆಯಬಹುದು: "ನಮಸ್ಕಾರ ಸರ್, ಪೀಣ್ಯದ ಘಟಕದಲ್ಲಿ ನಿಮ್ಮ ಶಿಫ್ಟಿನಲ್ಲಿ ಎರಡು ವರ್ಷ ಇದ್ದೆ. ಈಗ ಕ್ವಾಲಿಟಿ ವಿಭಾಗದಲ್ಲಿ ಆರು ವರ್ಷದ ಅನುಭವವಿದೆ. ನಿಮ್ಮ ಕಂಪನಿಯ ನರಸಾಪುರ ಘಟಕಕ್ಕೆ ಕ್ವಾಲಿಟಿ ಎಂಜಿನಿಯರ್ ಬೇಕೆಂಬ ಪ್ರಕಟಣೆ ನೋಡಿದೆ, ಅದರ ಜಾಬ್ ಐಡಿ ಕೆಳಗಿದೆ, ರೆಸ್ಯೂಮೆ ಲಗತ್ತಿಸಿದ್ದೇನೆ. ಸಾಧ್ಯವಾದರೆ ರೆಫರ್ ಮಾಡುವಿರಾ?" ಹಳೆಯ ನಂಟು ಯಾವುದು, ಬೇಕಾದದ್ದು ಏನು, ಅವರು ಮಾಡಬೇಕಾದ ಕೆಲಸ ಯಾವುದು ಎಂಬ ಮೂರೂ ಇದರಲ್ಲಿವೆ. ಓದುವವರಿಗೆ ಎರಡು ನಿಮಿಷದ ಕೆಲಸವಾದರೆ ಅವರು ಮಾಡಿಕೊಡುವ ಸಾಧ್ಯತೆ ಹೆಚ್ಚು. ವಾರ ಕಳೆದರೂ ಉತ್ತರ ಬಾರದಿದ್ದರೆ ಒಮ್ಮೆ ವಿನಯದಿಂದ ನೆನಪಿಸುವುದರಲ್ಲಿ ತಪ್ಪೇನಿಲ್ಲ.

ಪೋರ್ಟಲ್‌ಗಳಲ್ಲಿ ನೇಮಕಾತಿಯವರಿಗೆ ಕಾಣುವುದೇನು

1997ರಲ್ಲಿ ಆರಂಭವಾದ ನೌಕರಿ ಡಾಟ್ ಕಾಮ್, ಅದರ ನಂತರ ಬಂದ ಲಿಂಕ್ಡ್‌ಇನ್ ಮುಂತಾದವನ್ನು ನಾವು ಜಾಹೀರಾತು ಫಲಕದಂತೆ ಬಳಸುತ್ತೇವೆ. ನೇಮಕಾತಿಯವರಿಗೆ ಅವು ಜನರನ್ನು ಹುಡುಕುವ ಯಂತ್ರಗಳು. ಅವರು ಕೌಶಲದ ಹೆಸರು, ಅನುಭವದ ವರ್ಷ, ಊರು, ಈಗಿನ ಸಂಬಳ, ನೋಟಿಸ್ ಪೀರಿಯಡ್ ಇವನ್ನು ತುಂಬಿ ಹುಡುಕಿದಾಗ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಇತ್ತೀಚೆಗೆ ಪ್ರೊಫೈಲ್ ಬಳಸಿದವರನ್ನಷ್ಟೇ ತೋರಿಸು ಎಂದು ಸೋಸುವ ಅನುಕೂಲವೂ ಅದರಲ್ಲಿದೆ. ಆದ್ದರಿಂದ ಆರು ತಿಂಗಳ ಹಿಂದೆ ತುಂಬಿಸಿ ಬಿಟ್ಟ ಪ್ರೊಫೈಲ್ ಎಷ್ಟೇ ಚೆನ್ನಾಗಿದ್ದರೂ ಕಾಣದೆ ಹೋಗಬಹುದು. ಹುಡುಕಾಟ ನಡೆಯುತ್ತಿರುವಷ್ಟು ದಿನವೂ ಆಗಾಗ ಲಾಗಿನ್ ಆಗಿ, ಏನಾದರೂ ಬದಲಾಗಿದ್ದರೆ ಸೇರಿಸುತ್ತಿರಬೇಕು. ಕೌಶಲಗಳನ್ನು ಜಾಹೀರಾತುಗಳಲ್ಲಿ ಯಾವ ಹೆಸರಿನಿಂದ ಕರೆಯುತ್ತಾರೋ ಅದೇ ಹೆಸರಿನಿಂದ ಬರೆಯಬೇಕು, ಏಕೆಂದರೆ ಯಂತ್ರ ಹುಡುಕುವುದು ಪದವನ್ನು.

ಸರ್ಕಾರದ ಕಡೆಯಿಂದ 2015ರಲ್ಲಿ ಆರಂಭವಾದ ಕೇಂದ್ರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್ ಹಾಗೂ ಕರ್ನಾಟಕದ ಸ್ಕಿಲ್ ಕನೆಕ್ಟ್ ಪೋರ್ಟಲ್ ಇವೆ. ಎರಡರಲ್ಲೂ ನೋಂದಣಿ ಉಚಿತ. ಐಟಿಐ, ಡಿಪ್ಲೊಮಾ, ಪದವಿ ಮುಗಿಸಿದ ಹೊಸಬರಿಗೆ ಮತ್ತು ಬೆಂಗಳೂರಿನಿಂದ ಹೊರಗಿನ ಜಿಲ್ಲೆಗಳಲ್ಲಿ ಕೆಲಸ ಬಯಸುವವರಿಗೆ ಇವು ಗಮನಿಸತಕ್ಕವು. ಉದ್ಯೋಗ ಮೇಳಕ್ಕೆ ಹೋಗುವವರು ಯಾವ ಯಾವ ಕಂಪನಿ ಬರುತ್ತಿದೆ ಎಂಬ ಪಟ್ಟಿಯನ್ನು ಮುಂಚೆಯೇ ನೋಡಿಕೊಂಡು, ನಾಲ್ಕೈದು ಮಳಿಗೆಗಳನ್ನು ಗುರುತು ಮಾಡಿಕೊಂಡು, ಬೆಳಗ್ಗೆಯೇ ತಲುಪುವುದು ಲೇಸು.

ರೆಸ್ಯೂಮೆ: ಓದುವುದು ಮೊದಲು ತಂತ್ರಾಂಶ, ಆಮೇಲೆ ಮನುಷ್ಯ

ದೊಡ್ಡ ಕಂಪನಿಗಳು ಅರ್ಜಿಗಳನ್ನು ನಿರ್ವಹಿಸಲು ಬಳಸುವ ತಂತ್ರಾಂಶವನ್ನು ಎಟಿಎಸ್ ಎಂದು ಕರೆಯುತ್ತಾರೆ. ಅದು ರೆಸ್ಯೂಮೆಯಲ್ಲಿರುವ ಅಕ್ಷರಗಳನ್ನು ಓದಿ ಹೆಸರು, ವಿದ್ಯೆ, ಅನುಭವ, ಕೌಶಲ ಎಂದು ವಿಂಗಡಿಸಿ ಇಡುತ್ತದೆ. ಎರಡು ಕಾಲಂಗಳ ವಿನ್ಯಾಸ, ಚಿತ್ರದೊಳಗೆ ಬರೆದ ಅಕ್ಷರ, ಕೌಶಲವನ್ನು ಚುಕ್ಕಿಗಳಲ್ಲಿ ತೋರಿಸುವ ಅಲಂಕಾರ ಇವೆಲ್ಲ ಆ ಓದಿನಲ್ಲಿ ಗೋಜಲಾಗಬಹುದು. ಒಂದೇ ಕಾಲಂನಲ್ಲಿ, ಸಾಮಾನ್ಯ ಅಕ್ಷರಶೈಲಿಯಲ್ಲಿ, ಒಂದು ಅಥವಾ ಎರಡು ಪುಟದೊಳಗೆ ಬರೆದ ರೆಸ್ಯೂಮೆಯೇ ಸುರಕ್ಷಿತ. ಯಂತ್ರವೇ ತಾನಾಗಿ ಎಲ್ಲರನ್ನೂ ತಿರಸ್ಕರಿಸುತ್ತದೆ ಎಂಬ ಮಾತಿನಲ್ಲಿ ಉತ್ಪ್ರೇಕ್ಷೆಯಿದೆ. "ರಾತ್ರಿ ಪಾಳಿಗೆ ಸಿದ್ಧರಿದ್ದೀರಾ", "ಇಷ್ಟು ವರ್ಷದ ಅನುಭವವಿದೆಯೇ" ಎಂಬಂಥ ಪ್ರಶ್ನೆಗಳಿಗೆ ಇಲ್ಲ ಎಂದವರನ್ನು ಅದು ಬದಿಗಿಡುವುದುಂಟು. ಉಳಿದಂತೆ ಆಯ್ಕೆ ಮಾಡುವುದು ಪಟ್ಟಿಯ ಮೇಲ್ಭಾಗವನ್ನಷ್ಟೇ ಓದಲು ಸಮಯವಿರುವ ಮನುಷ್ಯ.

ಆ ಮನುಷ್ಯನಿಗೆ ಬೇಕಾದದ್ದು ನಿಖರತೆ. ಹುಬ್ಬಳ್ಳಿಯ ಒಂದು ಸಗಟು ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದವರು "ಜಿಎಸ್‌ಟಿ ಮತ್ತು ಅಕೌಂಟ್ಸ್ ಕೆಲಸದಲ್ಲಿ ಅನುಭವ" ಎಂದು ಬರೆದರೆ ಅದು ಸಾವಿರ ರೆಸ್ಯೂಮೆಗಳಲ್ಲಿ ಇರುವ ಸಾಲು. ಅದನ್ನೇ "ಟ್ಯಾಲಿಯಲ್ಲಿ ತಿಂಗಳಿಗೆ ಸುಮಾರು 400 ಬಿಲ್ ನಮೂದು, ಪ್ರತಿ ತಿಂಗಳು ಜಿಎಸ್‌ಟಿಆರ್-1 ಮತ್ತು 3ಬಿ ಗಡುವಿನೊಳಗೆ ಸಲ್ಲಿಕೆ, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ, ಮೂರು ವರ್ಷದಲ್ಲಿ ಒಮ್ಮೆಯೂ ತಡಶುಲ್ಕ ಬಿದ್ದಿಲ್ಲ" ಎಂದು ಬರೆದರೆ, ಓದಿದವರಿಗೆ ಕೆಲಸ ಮಾಡುತ್ತಿರುವ ವ್ಯಕ್ತಿಯೇ ಕಾಣುತ್ತಾರೆ. ಸಿಎನ್‌ಸಿ ಆಪರೇಟರ್ ಆಗಿದ್ದವರು ಯಾವ ಕಂಟ್ರೋಲ್‌ನ ಯಂತ್ರ, ಸೆಟ್ಟಿಂಗ್ ತಾವೇ ಮಾಡುತ್ತಿದ್ದರೋ ಇಲ್ಲವೋ, ಎಷ್ಟು ಮೈಕ್ರಾನ್ ಟಾಲರೆನ್ಸ್ ಹಿಡಿಯುತ್ತಿದ್ದರು ಎಂದು ಬರೆಯಬೇಕು. ಬರೆದ ಪ್ರತಿ ಅಂಕಿಯೂ ನಿಜವಾಗಿರಬೇಕು. ಸಂದರ್ಶನದಲ್ಲಿ ಮೊದಲ ಪ್ರಶ್ನೆ ಬರುವುದು ಅದರ ಮೇಲೆಯೇ.

ಒಂದೇ ರೆಸ್ಯೂಮೆಯನ್ನು ಎಲ್ಲೆಡೆ ಕಳುಹಿಸುವುದಕ್ಕಿಂತ, ಪ್ರತಿ ಜಾಹೀರಾತನ್ನು ಓದಿ ಅದರಲ್ಲಿ ಕೇಳಿರುವ ಮುಖ್ಯ ಅಂಶಗಳು ನಮ್ಮಲ್ಲಿದ್ದರೆ ಅವನ್ನು ಮೇಲಕ್ಕೆ ತರುವುದು ಹೆಚ್ಚು ಫಲ ಕೊಡುತ್ತದೆ. ಹೀಗೆ ಮಾಡಿದರೆ ದಿನಕ್ಕೆ ಐವತ್ತು ಅರ್ಜಿ ಹಾಕಲು ಸಾಧ್ಯವಿಲ್ಲ, ಹಾಕುವ ಅಗತ್ಯವೂ ಇಲ್ಲ. ನಡುವೆ ಕೆಲಸ ಬಿಟ್ಟಿದ್ದ ಅವಧಿಯಿದ್ದರೆ ಅದನ್ನು ಮುಚ್ಚಿಡದೆ, ಹೆರಿಗೆ, ಮನೆಯವರ ಅನಾರೋಗ್ಯ, ಓದು, ಕಂಪನಿಯ ಸಿಬ್ಬಂದಿ ಕಡಿತ ಎಂದು ಒಂದು ಸಾಲಿನಲ್ಲಿ ಹೇಳಿಬಿಡುವುದು ಉತ್ತಮ.

ಸಂದರ್ಶನ

ಸಾಮಾನ್ಯವಾಗಿ ಎಚ್‌ಆರ್ ಕರೆ, ಕೆಲಸದ ಜ್ಞಾನ ಪರೀಕ್ಷಿಸುವ ಒಂದೆರಡು ಸುತ್ತು, ಮ್ಯಾನೇಜರ್ ಜೊತೆ ಮಾತುಕತೆ, ಕೊನೆಗೆ ಸಂಬಳದ ಚರ್ಚೆ ಎಂಬ ಕ್ರಮವಿರುತ್ತದೆ. ತಮ್ಮ ಅನುಭವದಿಂದ ಐದಾರು ಪ್ರಸಂಗಗಳನ್ನು ಮೊದಲೇ ಆಯ್ದುಕೊಂಡು, ಸಮಸ್ಯೆ ಏನಿತ್ತು, ತಮ್ಮ ಪಾಲಿನ ಕೆಲಸ ಯಾವುದು, ಏನು ಮಾಡಿದರು, ಕೊನೆಗೆ ಏನಾಯಿತು ಎಂಬುದನ್ನು ಎರಡು ನಿಮಿಷದಲ್ಲಿ ಹೇಳುವಂತೆ ಬಾಯಿಬಿಟ್ಟು ಅಭ್ಯಾಸ ಮಾಡಿಕೊಂಡರೆ, ಹೆಚ್ಚಿನ ಪ್ರಶ್ನೆಗಳಿಗೆ ಅವುಗಳಲ್ಲೇ ಉತ್ತರ ಸಿಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ಅಭ್ಯಾಸ ಇನ್ನಷ್ಟು ಉಪಯುಕ್ತ. ವಿಷಯ ಗೊತ್ತಿದ್ದೂ ಇಂಗ್ಲಿಷಿನಲ್ಲಿ ತಡವರಿಸುವುದಕ್ಕೆ ಎಷ್ಟೋ ಸಲ ಕಾರಣ ಭಾಷೆಯಲ್ಲ, ಆ ಪ್ರಸಂಗವನ್ನು ಮೊದಲ ಬಾರಿ ಹೇಳುತ್ತಿರುವುದು.

ಸಿಟಿಸಿ ಎಂದರೆ ಕೈಗೆ ಬರುವ ಸಂಬಳವಲ್ಲ

ಸಿಟಿಸಿ ಎಂದರೆ ಒಬ್ಬ ನೌಕರರಿಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ. ತಿಂಗಳ ಕೊನೆಗೆ ಬ್ಯಾಂಕ್ ಖಾತೆಗೆ ಬೀಳುವ ಮೊತ್ತ ಅದರ ಒಂದು ಭಾಗ ಮಾತ್ರ. 8 ಲಕ್ಷ ರೂಪಾಯಿಯ ಆಫರ್ ಬಂದಿದೆ ಎಂದಿಟ್ಟುಕೊಳ್ಳೋಣ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 66,667 ರೂಪಾಯಿ. ಆದರೆ ಅದರಲ್ಲಿ 80,000 ರೂಪಾಯಿ ವೇರಿಯಬಲ್ ಇರಬಹುದು, ಅಂದರೆ ಕಂಪನಿಯ ಮತ್ತು ನಮ್ಮ ಸಾಧನೆ ನೋಡಿ ವರ್ಷಕ್ಕೊಮ್ಮೆಯೋ ಎರಡು ಸಲವೋ ಕೊಡುವ, ಪೂರ್ತಿ ಬರುತ್ತದೆಂಬ ಖಾತರಿಯಿಲ್ಲದ ಭಾಗ. ಕಂಪನಿಯ ಪಾಲಿನ ಪಿಎಫ್ ಅನ್ನು 15,000 ರೂಪಾಯಿ ವೇತನದ ಮಿತಿಗೆ ಶೇ 12ರಂತೆ ಲೆಕ್ಕ ಹಾಕಿದರೂ ತಿಂಗಳಿಗೆ 1,800ರಂತೆ ವರ್ಷಕ್ಕೆ 21,600. ಮೂಲವೇತನ ತಿಂಗಳಿಗೆ 30,000 ಇದ್ದರೆ ಕೆಲಸ ಬಿಡುವಾಗ ಸೇವಾವಧಿ ನೋಡಿ ಕೊಡುವ ಗ್ರಾಚ್ಯುಟಿಯ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 17,300. ಆರೋಗ್ಯ ವಿಮೆಗೆ 12,000 ಎನ್ನೋಣ. ಇವನ್ನೆಲ್ಲ ಕಳೆದರೆ ತಿಂಗಳ ಸಂಬಳ ಸುಮಾರು 55,750 ರೂಪಾಯಿಗೆ ಇಳಿಯುತ್ತದೆ. ಅದರಿಂದ ನಮ್ಮ ಪಾಲಿನ ಪಿಎಫ್ 1,800 ಮತ್ತು ಕರ್ನಾಟಕದ ವೃತ್ತಿ ತೆರಿಗೆ 200 ಕಡಿತವಾಗಿ ಕೈಗೆ ಬರುವುದು 53,750ರ ಆಸುಪಾಸು. ಹೊಸ ತೆರಿಗೆ ಪದ್ಧತಿಯಲ್ಲಿ 2025–26ರಿಂದ 12 ಲಕ್ಷ ರೂಪಾಯಿವರೆಗಿನ ಸಂಬಳದ ಆದಾಯಕ್ಕೆ ತೆರಿಗೆ ಬೀಳುವುದಿಲ್ಲವಾದ್ದರಿಂದ ಇಲ್ಲಿ ಆ ಕಡಿತವನ್ನು ಸೇರಿಸಿಲ್ಲ.

ಎರಡು ಆಫರ್‌ಗಳನ್ನು ಹೋಲಿಸುವಾಗ ಸಿಟಿಸಿ ಬದಲು ಈ ಕೊನೆಯ ಅಂಕಿಯನ್ನೇ ಹೋಲಿಸಬೇಕು. ಸೇರುವಾಗ ಒಮ್ಮೆ ಮಾತ್ರ ಕೊಡುವ ಜಾಯ್ನಿಂಗ್ ಬೋನಸ್ ಅನ್ನೂ ಕೆಲವರು ಸಿಟಿಸಿಯಲ್ಲಿ ಸೇರಿಸುತ್ತಾರೆ. ಅದು ಎರಡನೇ ವರ್ಷ ಇರುವುದಿಲ್ಲ, ವರ್ಷ ತುಂಬುವ ಮುನ್ನ ಬಿಟ್ಟರೆ ಹಿಂದಿರುಗಿಸಬೇಕೆಂಬ ಷರತ್ತೂ ಇರುತ್ತದೆ. ನಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿರುವುದು ಆ ಕಂಪನಿಯೋ ಅಥವಾ ಅದಕ್ಕೆ ಜನರನ್ನು ಒದಗಿಸುವ ಮತ್ತೊಂದು ಸಂಸ್ಥೆಯೋ ಎಂದು ಸಂಬಳದ ಮಾತುಕತೆಯಲ್ಲೇ ಕೇಳಿ ತಿಳಿದುಕೊಳ್ಳಬೇಕು. ಎರಡನೆಯದಾದರೆ ಅದನ್ನು ಥರ್ಡ್ ಪಾರ್ಟಿ ಪೇರೋಲ್ ಎನ್ನುತ್ತಾರೆ. ಗುತ್ತಿಗೆ ಮುಗಿದ ಮೇಲೆ ಕಾಯಂ ಮಾಡಿಕೊಳ್ಳುವ ಮಾತಿದ್ದರೆ ಅದು ಬರವಣಿಗೆಯಲ್ಲಿ ಇದೆಯೇ ಎಂದು ನೋಡಬೇಕು.

ನೋಟಿಸ್ ಪೀರಿಯಡ್ ಮತ್ತು ಬಾಂಡ್

ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಅವಧಿಯೇ ನೋಟಿಸ್ ಪೀರಿಯಡ್. ಐಟಿ ಕಂಪನಿಗಳಲ್ಲಿ ಇದು 60 ಅಥವಾ 90 ದಿನ ಇರುವುದು ಸಾಮಾನ್ಯ. ಮೂವತ್ತು ದಿನದೊಳಗೆ ಸೇರುವವರು ಬೇಕೆಂದು ಹೊಸ ಕಂಪನಿ ಬಯಸುವುದರಿಂದ ಅರ್ಹರೂ ಇಲ್ಲಿ ಹಿಂದೆ ಬೀಳುತ್ತಾರೆ. ತಮ್ಮ ನೇಮಕಾತಿ ಪತ್ರದಲ್ಲಿ ಬಾಕಿ ದಿನಗಳ ಸಂಬಳ ಕಟ್ಟಿ ಬೇಗ ಹೊರಡುವ ಅವಕಾಶ ಇದೆಯೇ, ಅದು ನೌಕರರ ಹಕ್ಕೋ ಅಥವಾ ಕಂಪನಿಯ ಒಪ್ಪಿಗೆಗೆ ಬಿಟ್ಟದ್ದೋ ಎಂಬುದನ್ನು ಹುಡುಕಾಟ ಶುರುವಾಗುವ ಮೊದಲೇ ಓದಿಟ್ಟುಕೊಳ್ಳಬೇಕು. ಹೊಸ ಕಂಪನಿಯ ಆಫರ್ ಲೆಟರ್ ಬರವಣಿಗೆಯಲ್ಲಿ ಕೈಗೆ ಬರುವವರೆಗೆ ರಾಜೀನಾಮೆ ಕೊಡಬಾರದು. "ಆಯ್ಕೆಯಾಗಿದ್ದೀರಿ" ಎಂಬ ಫೋನ್ ಕರೆಯನ್ನು ನಂಬಿ ಎರಡೂ ಕಡೆ ಕಳೆದುಕೊಂಡವರಿದ್ದಾರೆ.

ಇಷ್ಟು ವರ್ಷ ಬಿಡುವಂತಿಲ್ಲ, ಬಿಟ್ಟರೆ ಇಂತಿಷ್ಟು ಹಣ ಕಟ್ಟಬೇಕು ಎಂಬ ಒಪ್ಪಂದವೇ ಬಾಂಡ್. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಒಬ್ಬರ ವೃತ್ತಿಗೆ ತಡೆಯೊಡ್ಡುವ ಕರಾರು ಅಸಿಂಧು. ಹಾಗೆಂದು ಎಲ್ಲ ಬಾಂಡ್‌ಗಳೂ ಬೆಲೆಯಿಲ್ಲದವೆಂದು ತಿಳಿಯುವುದು ತಪ್ಪು. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣವೊಂದರಲ್ಲಿ, ಮೂರು ವರ್ಷ ತುಂಬುವ ಮುನ್ನ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಕರ್ನಾಟಕ ಹೈಕೋರ್ಟ್ ಒಪ್ಪಿರಲಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ಎತ್ತಿಹಿಡಿಯಿತು. ಕೆಲಸದಲ್ಲಿರುವ ಅವಧಿಗೆ ಅನ್ವಯಿಸುವ ಷರತ್ತು ಬೇರೆ, ಬಿಟ್ಟ ಮೇಲೆ ಬೇರೆಡೆ ದುಡಿಯದಂತೆ ತಡೆಯುವ ಷರತ್ತು ಬೇರೆ ಎಂಬ ವ್ಯತ್ಯಾಸವನ್ನು ಅದು ಗುರುತಿಸಿತು. ಸಹಿ ಹಾಕುವ ಮುನ್ನ ಮೊತ್ತ ಮತ್ತು ಅವಧಿ ಎರಡನ್ನೂ ಓದಬೇಕು.

ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಬೇಕು

ಸಾಮಾನ್ಯ ನೇಮಕಾತಿಯಲ್ಲಿ ಕನ್ಸಲ್ಟೆನ್ಸಿಗೆ ಶುಲ್ಕ ಕೊಡುವುದು ಕಂಪನಿ. ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಠೇವಣಿ, ಸಮವಸ್ತ್ರ ಎಂದು ಯಾವ ಹೆಸರಿನಲ್ಲಿ ಅಭ್ಯರ್ಥಿಯಿಂದ ಹಣ ಕೇಳಿದರೂ ಅನುಮಾನಿಸಬೇಕು. ಪ್ರಸಿದ್ಧ ಕಂಪನಿಯ ಹೆಸರಿನಲ್ಲಿ ಬಂದ ಆಫರ್ ಲೆಟರ್ ಆದರೆ, ಕಳುಹಿಸಿದ ಇಮೇಲ್ ವಿಳಾಸ ಆ ಕಂಪನಿಯದೇ ಡೊಮೇನ್‌ನಿಂದ ಬಂದಿದೆಯೇ ನೋಡಿ, ಅದರ ವೆಬ್‌ಸೈಟಿನಲ್ಲಿರುವ ವಿಳಾಸಕ್ಕೆ ಬರೆದು ಖಚಿತಪಡಿಸಿಕೊಳ್ಳಬೇಕು. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ದೂರಿಗಾಗಿ ಇರುವ 1930 ಸಹಾಯವಾಣಿಗೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ವರ್ಗಾವಣೆಯಾದ ಹಣವನ್ನು ಬ್ಯಾಂಕಿನಲ್ಲಿ ತಡೆಹಿಡಿಯುವ ಅವಕಾಶ ಹೆಚ್ಚು.

ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ಹೋಗುವವರಿಗೆ ನಿಯಮ ತುಸು ಬೇರೆ. 1983ರ ವಲಸೆ ಕಾಯ್ದೆಯಡಿ ನೋಂದಾಯಿತ ಏಜೆಂಟರು ಮಾತ್ರ ವಿದೇಶಿ ಕೆಲಸಕ್ಕೆ ಜನರನ್ನು ಕಳುಹಿಸಬಹುದು, ಅವರು ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿ ಎಂಬ ಮಿತಿಯಿದೆ. ಏಜೆಂಟರ ಹೆಸರು ನೋಂದಣಿಯಲ್ಲಿದೆಯೇ ಎಂಬುದನ್ನು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ಪ್ರವಾಸಿ ವೀಸಾದ ಮೇಲೆ ಕೆಲಸಕ್ಕೆ ಕಳುಹಿಸುತ್ತೇವೆ ಎನ್ನುವವರನ್ನು ನಂಬಬಾರದು. ಡೇಟಾ ಎಂಟ್ರಿ ಕೆಲಸವೆಂದು ನಂಬಿ ಕಾಂಬೋಡಿಯಾ, ಮ್ಯಾನ್ಮಾರ್‌ಗಳಿಗೆ ಹೋಗಿ ಸೈಬರ್ ವಂಚನೆಯ ಶಿಬಿರಗಳಲ್ಲಿ ಸಿಲುಕಿದ ಭಾರತೀಯರನ್ನು ಸರ್ಕಾರ ಬಿಡಿಸಿ ತರಬೇಕಾಯಿತು.

ಸೇರುವ ಮುನ್ನ ಮತ್ತು ಸೇರಿದ ಮೇಲೆ

ಹೊಸ ಕಂಪನಿಯು ನಾವು ಹೇಳಿದ್ದನ್ನೆಲ್ಲ ಪರಿಶೀಲಿಸುವುದನ್ನು ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಎನ್ನುತ್ತಾರೆ. ಹಿಂದಿನ ಕೆಲಸಗಳ ದಿನಾಂಕ, ಹುದ್ದೆ, ಕೊನೆಯ ಸಂಬಳ, ಅಂಕಪಟ್ಟಿ, ವಿಳಾಸ ಇವನ್ನೆಲ್ಲ ಬೇರೊಂದು ಸಂಸ್ಥೆಯ ಮೂಲಕ ನೋಡಿಸುವುದು ರೂಢಿ. ಪಿಎಫ್‌ನ ಯುಎಎನ್ ಸಂಖ್ಯೆಯಡಿ ಯಾವ ಕಂಪನಿಯಲ್ಲಿ ಎಂದಿನಿಂದ ಎಂದಿನವರೆಗೆ ಇದ್ದೆವೆಂಬ ದಾಖಲೆ ಇರುತ್ತದೆ. ಹಣ ಕೊಟ್ಟು ಸುಳ್ಳು ಅನುಭವ ಪತ್ರ ಮಾಡಿಸಿಕೊಂಡವರು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲಿಯೇ. ಸೇರಿ ವರ್ಷವಾದ ಮೇಲೂ ಇದೇ ಕಾರಣಕ್ಕೆ ಕೆಲಸದಿಂದ ತೆಗೆಯಬಹುದು. ಹಳೆಯ ಕಚೇರಿಯ ಇಮೇಲ್ ಮುಚ್ಚುವ ಮುನ್ನವೇ ಸಂಬಳದ ಚೀಟಿಗಳು, ನೇಮಕಾತಿ ಪತ್ರ, ಬಡ್ತಿ ಪತ್ರಗಳನ್ನು ಸ್ವಂತದ ಖಾತೆಗೆ ಇಳಿಸಿಕೊಂಡು, ರಿಲೀವಿಂಗ್ ಲೆಟರ್ ಕೇಳಿ ಪಡೆಯಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಕೆಲಸ ಬಿಟ್ಟವರಿಗೆ ಬರಬೇಕಾದ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು.

ಹಣಕಾಸು ವರ್ಷದ ನಡುವೆ ಕೆಲಸ ಬದಲಿಸಿದವರು ಹಳೆಯ ಕಂಪನಿಯ ಸಂಬಳ ಮತ್ತು ತೆರಿಗೆ ಕಡಿತದ ವಿವರವನ್ನು ಹೊಸ ಕಂಪನಿಗೆ ಕೊಡಬೇಕು. ಕೊಡದಿದ್ದರೆ ಎರಡೂ ಕಡೆ ತೆರಿಗೆ ವಿನಾಯಿತಿ ಲೆಕ್ಕ ಹಾಕಿ ಕಡಿಮೆ ಕಡಿತ ಮಾಡುತ್ತಾರೆ, ರಿಟರ್ನ್ ಸಲ್ಲಿಸುವಾಗ ಬಾಕಿಯನ್ನು ಒಟ್ಟಿಗೆ ಕಟ್ಟಬೇಕಾಗುತ್ತದೆ. ಪಿಎಫ್ ಹಣವನ್ನು ತೆಗೆದುಕೊಳ್ಳದೆ ಹೊಸ ಖಾತೆಗೆ ವರ್ಗಾಯಿಸಿಕೊಳ್ಳುವುದು ಲಾಭಕರ, ಏಕೆಂದರೆ ಸತತ ಐದು ವರ್ಷ ತುಂಬುವ ಮುನ್ನ ತೆಗೆದರೆ ಅದಕ್ಕೆ ತೆರಿಗೆ ಬೀಳುತ್ತದೆ. ವರ್ಗಾಯಿಸಿಕೊಂಡರೆ ಹಳೆಯ ಕಂಪನಿಯ ವರ್ಷಗಳೂ ಆ ಐದರ ಲೆಕ್ಕಕ್ಕೆ ಸೇರುತ್ತವೆ. ಯುಎಎನ್‌ಗೆ ಆಧಾರ್ ಜೋಡಣೆಯಾಗಿ ಹೆಸರು, ಜನ್ಮದಿನಾಂಕಗಳು ಎರಡೂ ಕಡೆ ಒಂದೇ ಇದ್ದರೆ ಈ ವರ್ಗಾವಣೆಯನ್ನು ಮನೆಯಲ್ಲೇ ಕುಳಿತು ಆನ್‌ಲೈನ್‌ನಲ್ಲಿ ಮಾಡಬಹುದು.